ಸೌಟಿನ ಶನಿವಾರ

ಎಲ್ಡರ್ಟನ್, ನಾರ್ತ್ ಕ್ಯಾರೊಲೈನಾ
ಸೆಪ್ಟೆಂಬರ್ 14, 2023

ಪ್ರಿಯ ಲೈಲ್,

ಮೊನ್ನೆ ಮಂಗಳವಾರ, ಸೆಪ್ಟೆಂಬರ್ ಹನ್ನೆರಡರ ಸಂಜೆ, ನಮ್ಮ ನಗರಸಭೆ ಸೌಟಿನ ಶನಿವಾರವನ್ನು ಕೊಂದು ಹಾಕಿತು. ಐದು ಕೈ ಮೇಲೆದ್ದವು, ಎರಡು ಕೆಳಗೇ ಉಳಿದವು. ಎಪ್ಪತ್ತು ವರ್ಷಕ್ಕೂ ಮೀರಿ ನಡೆದುಬಂದದ್ದನ್ನು ಮುಗಿಸಲು ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ.

ಜೂನ್‌ನಲ್ಲಿ, ನಿನ್ನ ಕುರ್ಚಿಗೆ ಬಂದಿದ್ದ ಸಿಟಿ ಮ್ಯಾನೇಜರ್ ನಿವೃತ್ತರಾದದ್ದು ನಿನಗೆ ಗೊತ್ತು. ಹೊಸಬರನ್ನು ಹುಡುಕಿಕೊಡಲು ಬೇರೆ ರಾಜ್ಯದ ಒಂದು ಸಂಸ್ಥೆಯನ್ನು ಹಿಡಿದಿದ್ದಾರೆ. ಅರ್ಜಿ ಹಾಕಿದವರು ಯಾರು, ಎಷ್ಟು ಜನ, ಯಾವ ಊರಿನವರು ಎಂಬುದು ಯಾವುದೂ ಹೊರಗೆ ಬರುವುದಿಲ್ಲವಂತೆ. ಮುಚ್ಚಿದ ಕೋಣೆಯಲ್ಲಿ ಒಬ್ಬರನ್ನು ಆರಿಸುತ್ತಾರೆ. ಡಿಸೆಂಬರ್ ಹನ್ನೆರಡಕ್ಕೆ ಮತ ಹಾಕುತ್ತಾರೆ. ಅದಾದ ಮೇಲೆ ನಮಗೆ ಹೆಸರು ಹೇಳುತ್ತಾರೆ.

ಸಭಾಂಗಣದಲ್ಲಿ ಅರ್ಧ ಜನ ಹೊಸಬರು. ಸ್ಟೇಟನ್ ಅವರ ಕಡಲೆಕಾಯಿ ಹೊಲ ಇತ್ತಲ್ಲ, ಅಲ್ಲಿ ಈಗ ನಾನೂರು ಮನೆಗಳಿವೆ. ಎಲ್ಲದರ ಬಾಗಿಲೂ ಬೂದು ಬಣ್ಣ. ಅಲ್ಲಿಂದ ಬಂದ ಹುಡುಗನೊಬ್ಬ ಎದ್ದು ನಿಂತು, "ಸೌಟಿನ ಶನಿವಾರ ಅಂದ್ರೆ ಏನು ಸಾರ್? ಅಡುಗೆ ಸ್ಪರ್ಧೇನಾ?" ಎಂದು ಕೇಳಿದ. ಹೇಳಲು ನಾನೇ ಎದ್ದೆ.

"ಸ್ಪರ್ಧೆ ಅಲ್ಲ ಮಗೂ," ಎಂದೆ. "ನಗರಸಭೆ ಪರವಾಗಿ ಈ ಊರು ನಡೆಸೋ ಮ್ಯಾನೇಜರ್ ಆಗ್ಬೇಕು ಅಂತ ಬಂದೋರು ಸಭೆ ಮತ ಹಾಕೋಕೆ ಮುಂಚಿನ ಶನಿವಾರ ಹೊಗೆಸೊಪ್ಪಿನ ಗೋದಾಮಿನಲ್ಲಿ ಕೋಳಿ-ಕಾಳಿನ ಸ್ಟ್ಯೂ ಹಂಡೆ ಹಿಂದೆ ನಿಂತ್ಕೋತಾರೆ. ಊರೋರೆಲ್ಲ ತಟ್ಟೆ ಹಿಡ್ಕೊಂಡು ಸಾಲಾಗಿ ಬರ್ತಾರೆ. ಅವರು ಬಡಿಸ್ಬೇಕು, ನಾವು ಕೇಳ್ಬೇಕು. ಒಂದು ಸೌಟಿಗೆ ಒಂದೇ ಪ್ರಶ್ನೆ. ಸೌಟು ಖಾಲಿ ಆಗೋದ್ರೊಳಗೆ ಉತ್ತರ ಮುಗೀಬೇಕು. ಹಿಂದೆ ನಿಂತೋರಿಗೂ ಕೇಳಿಸ್ಬೇಕು. ಅವತ್ತು ಅವರು ಏನು ಹೇಳ್ತಾರೋ ಅದೇ ನಮಗೆ ಕರಾರು."

"ಮಿಸ್ ವರ್ಲೀನ್, ನಿಮ್ಮ ಮೂರು ನಿಮಿಷ ಆಯ್ತು," ಎಂದ ಮೇಯರ್. ಹೌದು, ಬಾಯ್ಡ್ ಪೀಲ್ ಈಗ ಮೇಯರ್.

"ಬಾಯ್ಡ್, ಒಂಬತ್ತನೇ ಕ್ಲಾಸಿನ ಇತಿಹಾಸ ಪರೀಕ್ಷೆಗೆ ನಿನಗೆ ಅರ್ಧ ಗಂಟೆ ಜಾಸ್ತಿ ಕೊಟ್ಟಿದ್ದೆ ನಾನು. ಅದರಲ್ಲಿ ಎರಡು ನಿಮಿಷ ಈಗ ವಾಪಸ್ ಕೊಡು."

ಜನ ನಕ್ಕರು. ಅವನೂ ನಕ್ಕ. ಆದರೆ ನಿಮಿಷ ಮಾತ್ರ ಕೊಡಲಿಲ್ಲ.

ಇನ್ನೊಂದು ವಿಷಯ ಕೇಳಿದರೆ ನಿನಗೂ ರೇಗುತ್ತದೆ. ಆ ಸಂಸ್ಥೆಯವರು ಅಭ್ಯರ್ಥಿಗಳನ್ನು ಸೆಳೆಯಲು ಹೊಳೆಯುವ ಕಾಗದದಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದಾರೆ. 'ಬೆಳೆಯುತ್ತಿರುವ ಐತಿಹಾಸಿಕ ಪುಟ್ಟ ನಗರವನ್ನು ಮುನ್ನಡೆಸಲು ಬನ್ನಿ' ಎಂದು ಅದರ ಮೇಲಿದೆ. ಒಳಗೆ ನದಿ, ಗಡಿಯಾರದ ಗೋಪುರ. ನಾಲ್ಕನೇ ಪುಟದಲ್ಲಿ ನೀನು! ಸಾವಿರದೊಂಬೈನೂರ ಎಂಬತ್ತೊಂದರ ಏಪ್ರಿಲ್, ಕೈಯಲ್ಲಿ ಸೌಟು, ಟೈ ಅಂಗಿಯ ಜೇಬಿನೊಳಗೆ ಸಿಕ್ಕಿಸಿದೆ, ಮುಖದ ಮುಂದೆಲ್ಲ ಆವಿ. ಕೆಳಗೆ 'ಇಲ್ಲಿನ ಜನರ ಬೆಚ್ಚನೆಯ ಸಂಪ್ರದಾಯಗಳು' ಎಂದು ಬರೆದಿದ್ದಾರೆ. ಮಾರುವುದಕ್ಕೆ ಸಂಪ್ರದಾಯ ಬೇಕು, ನಡೆಸುವುದಕ್ಕೆ ಬೇಡ. ಈ ಚಿತ್ರ ನಮ್ಮ ಗ್ರಂಥಾಲಯದಲ್ಲೂ ಇಲ್ಲ. ಅವರಿಗೆ ಎಲ್ಲಿ ಸಿಕ್ಕಿತೋ, ನಿನಗೇನಾದರೂ ಗೊತ್ತೆ?

ನನ್ನದೊಂದೇ ಕೋರಿಕೆ. ಆ ಹಂಡೆಯ ಹಿಂದೆ ನಿಂತವರಲ್ಲಿ ಎಲ್ಲರೂ ಗೌರವಿಸುವವನು ಎಂದರೆ ನೀನು. ನಗರಸಭೆಗೆ ಒಂದು ಪತ್ರ ಬರೆ. ನಿನ್ನ ಮಾತನ್ನು ಅವರು ತಳ್ಳಿಹಾಕಲಾರರು.

ನಿನ್ನ
ವರ್ಲೀನ್ ಸ್ಪೇಟ್

*

ಡುಲೂತ್, ಮಿನೆಸೋಟ
ಸೆಪ್ಟೆಂಬರ್ 26, 2023

ಪ್ರಿಯ ಮಿಸ್ ವರ್ಲೀನ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ನಿಮ್ಮ ದನಿಯೇ ಕೇಳಿಸಿತು.

ಇಲ್ಲಿ ಆಗಲೇ ಚಳಿ. ಸರೋವರದ ಕಡೆಯಿಂದ ಗಾಳಿ ಬೀಸಿದರೆ ಮೂಗು ನನ್ನದಲ್ಲ ಅನ್ನಿಸುತ್ತದೆ. ಮಗಳು ಗ್ರೇಟಾ ಪಕ್ಕದ ಬೀದಿಯಲ್ಲೇ ಇದ್ದಾಳೆ. ಈ ಊರಿನವರು ಒಳ್ಳೆಯವರು. ಆದರೆ ಅಡುಗೆಗೆ ಒಂದು ಚಿಟಿಕೆ ಮೆಣಸು ಹಾಕಿ ಖಾರ ಎನ್ನುತ್ತಾರೆ. ಮೊನ್ನೆ ಅಂಗಡಿಯಲ್ಲಿ ಸಿಹಿಗೆಣಸು ಕಂಡೆ. ಕೈಗೆತ್ತಿಕೊಂಡು ಮೂಸಿದೆ. ಗೋದಾಮಿನ ಆ ವಾಸನೆ, ಒಣಗಿದ ಹೊಗೆಸೊಪ್ಪಿನ ಜೇನಿನಂಥ ವಾಸನೆ ಎಲ್ಲಿಂದಲೋ ನೆನಪಾಯಿತು. ನನ್ನವಳು ಮೇರಿಯನ್ ಇದ್ದಿದ್ದರೆ, "ಅಂಗಡಿಯೋರು ನೋಡ್ತಿದಾರೆ, ಕೆಳಗಿಡಿ" ಎನ್ನುತ್ತಿದ್ದಳು.

ಪತ್ರ ಬರೆಯುವ ವಿಷಯ: ನಿವೃತ್ತನಾದ ಮ್ಯಾನೇಜರ್ ತನ್ನ ಹಳೆಯ ಊರಿನ ಆಡಳಿತದಲ್ಲಿ ಬಾಯಿ ಹಾಕಬಾರದು. ಅದು ನಮ್ಮ ವೃತ್ತಿಯ ಮರ್ಯಾದೆ. ದಯವಿಟ್ಟು ತಪ್ಪು ತಿಳಿಯಬೇಡಿ. ಬಾಯ್ಡ್ ಕೆಟ್ಟವನಲ್ಲ. ಅವನ ಮೇಲೂ ಒತ್ತಡ ಇದ್ದೀತು.

ನಿಮ್ಮ
ಲೈಲ್ ಹೋಸ್ಟೆಟ್ಲರ್

*

ಎಲ್ಡರ್ಟನ್
ಅಕ್ಟೋಬರ್ 5, 2023

ಪ್ರಿಯ ಲೈಲ್,

ಮರ್ಯಾದೆ ಅರ್ಥವಾಯಿತು. ಮೇರಿಯನ್ ಹೋದ ಮೇಲೆ ಈ ಊರಿನ ಹೆಸರೆತ್ತುವುದೇ ನಿನಗೆ ಕಷ್ಟ ಎಂಬುದೂ ಅರ್ಥವಾಯಿತು. ನೀನು ಬಾಯಿಬಿಟ್ಟು ಹೇಳದಿದ್ದರೂ ನನಗೆ ತಿಳಿಯುತ್ತದೆ. ಆದರೂ ಇನ್ನೊಮ್ಮೆ ಕೇಳದೆ ಇರಲಾರೆ.

ನನಗೆ ಈ ಶನಿವಾರ ಏಕೆ ಬೇಕು ಎಂದು ನಿನಗೆ ಪೂರ್ತಿ ಹೇಳಿದ್ದೇನೋ ಇಲ್ಲವೋ. ಇದು ಮೊದಲಿನಿಂದ ಎಲ್ಲರದೂ ಆಗಿರಲಿಲ್ಲ. ನನ್ನ ಅಪ್ಪ ಆ ಗೋದಾಮಿನಲ್ಲೇ ಹೊಗೆಸೊಪ್ಪಿನ ಮೂಟೆ ಹೊತ್ತವರು. ಹಂಡೆಗೆ ಸೌದೆ ಒಡೆದವರು, ಹಿಂದಿನ ದಿನವೇ ಕೋಳಿ ಕುಯ್ದು ಅವರೆಕಾಳು ಸುಲಿದವರು ನಮ್ಮ ಜನ. ಸಾಲಿನಲ್ಲಿ ನಿಲ್ಲುವವರು ಬಿಳಿಯರು. ನಮಗೆ ಹಿಂಬಾಗಿಲಲ್ಲಿ, ಎಲ್ಲ ಮುಗಿದ ಮೇಲೆ, ಪ್ರಶ್ನೆಯಿಲ್ಲದ ಸ್ಟ್ಯೂ.

ಅರವತ್ತೆಂಟರಲ್ಲಿ ಅಪ್ಪ ಮೊದಲ ಸಲ ಮುಂಬಾಗಿಲಿಂದ ಒಳಗೆ ಬಂದರು. ನಾನು ಜೊತೆಯಲ್ಲಿದ್ದೆ. ಚರ್ಚಿನ ಕೋಟು ಹಾಕಿಕೊಂಡಿದ್ದರು. ನಮ್ಮ ಮುಂದಿದ್ದವನು ತಿರುಗಿ, "ಏನಯ್ಯಾ ಓಟಿಸ್, ದಾರಿ ತಪ್ಪಿ ಬಂದ್ಯಾ?" ಎಂದ. ಅಪ್ಪ, "ಇಲ್ಲ ಸಾಮಿ, ಈಗ ಸರಿಯಾಗಿ ಸಿಕ್ತು," ಎಂದರು. ಹಂಡೆಯ ಹತ್ತಿರ ಬಂದು ತಟ್ಟೆ ಒಡ್ಡಿದರು. "ಮಿಲ್ ಬೀದಿಗೆ ಒಳಚರಂಡಿ ಯಾವಾಗ ಬರತ್ತೆ?" ಎಂದು ಕೇಳಿದರು. ಸಾಲಿನ ಹಿಂದಿನವರೂ ಕತ್ತು ಚಾಚಿ ನೋಡಿದರು. ಆ ಅಭ್ಯರ್ಥಿ ಸೌಟು ಎತ್ತಿದ್ದವನು ಹಾಗೇ ಹಿಡಿದುಕೊಂಡು, "ಎರಡು ವರ್ಷದಲ್ಲಿ," ಎಂದ. ಎರಡು ವರ್ಷದಲ್ಲಿ ಬಂತು. ಅವನಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತ್ತು ಎಂದಲ್ಲ. ಊರೆಲ್ಲ ಕೇಳಿಸಿಕೊಂಡಿತ್ತು ಎಂದು ಬಂತು.

ಆಮೇಲೆ ನಿನ್ನ ಶನಿವಾರ. ಮೂವತ್ತೊಂದು ವರ್ಷದ ಕಡ್ಡಿಯಂಥ ಹುಡುಗ, ಓಹಾಯೋದವನು, ಚಹಾಕ್ಕೆ ಸಕ್ಕರೆ ಹಾಕಿದರೆ ಮುಖ ಕಿವಿಚುವವನು. ನಾನು ತಟ್ಟೆ ಒಡ್ಡಿ ಕೇಳಿದೆ: "ಎಷ್ಟು ದಿನ ಇರ್ತೀರಿ ಇಲ್ಲಿ? ದೊಡ್ಡ ಊರಿಂದ ಕರೆ ಬಂದ್ರೆ ಓಡಿಹೋಗಲ್ವಾ?" ನೀನು, "ನೀವು ಸಾಕು ಅನ್ನೋವರೆಗೂ ಇರ್ತೀನಿ ಮೇಡಂ," ಎಂದೆ. ಅರ್ಧ ಸೌಟು ನನ್ನ ತೋಳಿನ ಮೇಲೆ ಚೆಲ್ಲಿದೆ. ಮಂಗಳವಾರ ಗೊತ್ತಾಯಿತು, ನಮಗಾಗಿ ಓಹಾಯೋದ ಕೆಲಸವನ್ನೇ ಬಿಟ್ಟು ಬಂದಿದ್ದೀಯೆಂದು. ಇನ್ನೂ ಮತವೇ ಬಿದ್ದಿರಲಿಲ್ಲ! ಮೂರರ ಎದುರು ನಾಲ್ಕು ಮತದಲ್ಲಿ ಗೆದ್ದೆ, ಇಪ್ಪತ್ತೆಂಟು ವರ್ಷ ಇದ್ದೆ. ನಿವೃತ್ತಳಾಗುವವರೆಗೂ ಪ್ರತಿ ವರ್ಷ ಮಕ್ಕಳಿಗೆ ಈ ಕಥೆ ಹೇಳಿದ್ದೇನೆ: ನಾವು ಅವನನ್ನು ಆರಿಸುವುದಕ್ಕೆ ಮುಂಚೆ ಅವನು ನಮ್ಮನ್ನು ಆರಿಸಿದ್ದ ಎಂದು.

ಕ್ಷೌರದಂಗಡಿಯ ಥರ್ಮನ್ ಮೊನ್ನೆ ಏನೆಂದ ಗೊತ್ತೆ? "ನಾಯಿಮರಿ ತರೋಕೆ ಹೋದ್ರೂ ಒಂದ್ಸಲ ಎತ್ಕೊಂಡು ನೋಡ್ತೀವಿ. ಇವರು ಮ್ಯಾನೇಜರನ್ನ ಪಾರ್ಸೆಲ್‌ನಲ್ಲಿ ತರಿಸ್ತಿದಾರಲ್ಲ ಮಿಸ್ ವರ್ಲೀನ್! ಚೆನ್ನಾಗಿಲ್ಲ ಅಂದ್ರೆ ವಾಪಸ್ ಕಳ್ಸೋಕೆ ಡಬ್ಬ ಇಟ್ಕೊಂಡಿರ್ಬೇಕಾ?" ಅವನ ಅಂಗಡಿಯಲ್ಲೇ ಮನವಿಗೆ ಸಹಿ ಹಾಕಿಸುತ್ತಿದ್ದೇವೆ. ಕತ್ತರಿ ಕಿವಿಯ ಹತ್ತಿರ ಇರುವಾಗ ಯಾರೂ ಇಲ್ಲ ಎನ್ನುವುದಿಲ್ಲ.

ಎರಡು ಸಾಲು ಸಾಕು, ಲೈಲ್. 'ನಾನು ಆ ಹಂಡೆಯ ಹಿಂದೆ ನಿಂತಿದ್ದೆ, ಅದರಿಂದ ಒಳ್ಳೆಯದಾಯಿತು' ಎಂದಷ್ಟೇ ಬರೆ.

ನಿನ್ನ
ವರ್ಲೀನ್

*

ಡುಲೂತ್
ಅಕ್ಟೋಬರ್ 30, 2023

ಪ್ರಿಯ ಮಿಸ್ ವರ್ಲೀನ್,

ತಡವಾದದ್ದಕ್ಕೆ ಕ್ಷಮಿಸಿ. ಎರಡು ಸಾಲು ಬರೆಯಲು ಕೂತೆ. ಆಗಲಿಲ್ಲ.

ನಿಮ್ಮ ತಂದೆಯವರ ವಿಷಯ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷವೂ ಹೇಳಿರಲಿಲ್ಲ ನೀವು.

ಒಂದು ಮಾತು ಕೇಳಲೇ? ಹಂಡೆಯ ಆ ಬದಿಯಿಂದ ಆ ಸಾಲು ಹೇಗೆ ಕಾಣುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ನಿಂತವನಿಗೆ ಮನೆ ಇರುತ್ತದೆ, ಹೆಂಡತಿ ಇರುತ್ತಾಳೆ, ಬೇರೊಂದು ಊರಿನಲ್ಲಿ ಕೆಲಸ ಇರುತ್ತದೆ. ಊರು ಬೆಳೆದಿದೆ, ಮಿಸ್ ವರ್ಲೀನ್. ಒಳ್ಳೆಯವರು ಬರಬೇಕೆಂದರೆ ಅವರ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಥರ್ಮನ್‌ನನ್ನು ಕೇಳಿದೆನೆಂದು ಹೇಳಿ. ಈಗ ಕತ್ತರಿಸಲು ನನ್ನ ತಲೆಯಲ್ಲಿ ಏನೂ ಉಳಿದಿಲ್ಲ ಎಂದೂ ಹೇಳಿ.

ಲೈಲ್

*

ಎಲ್ಡರ್ಟನ್
ನವೆಂಬರ್ 15, 2023

ಶ್ರೀ ಹೋಸ್ಟೆಟ್ಲರ್ ಅವರಿಗೆ,

ನಿನ್ನೆ ಸಂಜೆಯ ಸಭೆಯಲ್ಲಿ ಸಾವಿರದ ಇನ್ನೂರು ಜನ ಸಹಿ ಮಾಡಿದ ಮನವಿಯನ್ನು ಮೇಜಿನ ಮೇಲಿಟ್ಟೆ. ಆಮೇಲೆ, ಮೂರ್ಖಳಂತೆ, ನಿಮ್ಮ ಹೆಸರೆತ್ತಿದೆ. "ಲೈಲ್ ಹೋಸ್ಟೆಟ್ಲರ್ ಇವತ್ತು ಇಲ್ಲಿದ್ದಿದ್ರೆ ನಿಮಗೆಲ್ಲ ಏನ್ ಹೇಳ್ತಿದ್ರು ಗೊತ್ತಾ?" ಎಂದೆ.

ಬಾಯ್ಡ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ನನ್ನ ಮೇಲೆ ಅವನಿಗೆ ಕನಿಕರ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ನಾನು ಎಂದೂ ಮರೆಯಲಾರೆ.

"ಮಿಸ್ ವರ್ಲೀನ್, ಇದನ್ನ ನಿಮಗೆ ಇಲ್ಲಿ ಹೇಳೋಕೆ ನನಗಿಷ್ಟ ಇರ್ಲಿಲ್ಲ," ಎಂದ. "ಹೆಸರು ಗುಟ್ಟಾಗಿಡಿ ಅಂತ ಸಲಹೆ ಕೊಟ್ಟಿದ್ದೇ ಲೈಲ್. ಆಗಸ್ಟ್‌ನಲ್ಲಿ ನಾನೇ ಫೋನ್ ಮಾಡಿದ್ದೆ. ಆ ಪುಸ್ತಿಕೆ ಫೋಟೋನೂ ಅವರೇ ಕಳ್ಸಿದ್ದು."

ಹಿಂದಿನ ಸಾಲಿನಿಂದ ಯಾರೋ "ಅಯ್ಯೋ ದೇವರೇ" ಎಂದರು. ಮೂವತ್ತೆಂಟು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವಳು, ಮೈಕು ಬಿಟ್ಟು ಹಿಂದೆ ಸರಿದೆ. ಥರ್ಮನ್ ಬಂದು ಕೈ ಹಿಡಿದು ಕೂರಿಸಿದ.

ಫೋಟೋ ಎಲ್ಲಿಂದ ಬಂತು ಎಂದು ಸೆಪ್ಟೆಂಬರ್‌ನಲ್ಲಿ ನಿಮ್ಮನ್ನು ಕೇಳಿದ್ದೆ. ನೀವು ನನಗೆ ಸಿಹಿಗೆಣಸಿನ ವಾಸನೆಯ ಬಗ್ಗೆ ಬರೆದಿರಿ.

ಹಳೆಯ ಊರಿನ ವಿಷಯದಲ್ಲಿ ಬಾಯಿ ಹಾಕಬಾರದು ಎಂಬ ಮರ್ಯಾದೆ ನನಗೆ ಮಾತ್ರವೇ? ಮೇಯರ್ ಫೋನ್ ಮಾಡಿದರೆ ಅನ್ವಯಿಸುವುದಿಲ್ಲವೇ?

ನಿಮ್ಮಿಂದ ಉತ್ತರವನ್ನು ನಿರೀಕ್ಷಿಸುತ್ತಿಲ್ಲ.

ವರ್ಲೀನ್ ಸ್ಪೇಟ್

*

ಡುಲೂತ್
ನವೆಂಬರ್ 24, 2023

ಪ್ರಿಯ ಮಿಸ್ ವರ್ಲೀನ್,

ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಗ್ರೇಟಾ ಟರ್ಕಿ ಕೋಳಿ ಹುರಿದಿದ್ದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದ್ದಕ್ಕೆ, "ಅಪ್ಪಾ, ಯಾರ ಹತ್ರ ಬೈಸ್ಕೊಂಡೆ?" ಎಂದಳು. ಹೇಳಿದೆ. "ಹಾಗಾದ್ರೆ ನಿಜ ಬರೀ. ನಾನು ಹುಟ್ಟೋಕೆ ಮುಂಚಿನ ಕಥೆ, ನನಗೇ ಅಮ್ಮ ಹೇಳಿದ್ದು. ಅವರಿಗೆ ಗೊತ್ತಿಲ್ವಾ?" ಎಂದಳು.

ನಿಮಗೆ ಗೊತ್ತಿಲ್ಲ. ಬರೆಯುತ್ತೇನೆ.

ನಾನು ಓಹಾಯೋದ ಕೆಲಸ ಬಿಟ್ಟು ಬರಲಿಲ್ಲ. ಆ ಶನಿವಾರ ತೆಗೆದ ಫೋಟೋ ಭಾನುವಾರ ನಿಮ್ಮ ರಾಜಧಾನಿಯ ಪತ್ರಿಕೆಯಲ್ಲಿ ಬಂತು, ಸುದ್ದಿ ಓಹಾಯೋಗೂ ಮುಟ್ಟಿತು. ನಾನು ಆಗ ಓಹಾಯೋದ ಊರೊಂದರಲ್ಲಿ ಸಹಾಯಕ ಮ್ಯಾನೇಜರ್. ಎಲ್ಡರ್ಟನ್‌ಗೆ ಅರ್ಜಿ ಹಾಕಿರುವುದನ್ನು ಯಾರಿಗೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ನಿಮ್ಮ ಊರಿನ ಹೋಟೆಲಿಗೇ ನನ್ನ ಆಫೀಸಿನಿಂದ ಫೋನ್ ಬಂತು. "ಅಲ್ಲೇ ಸೂಪ್ ಬಡಿಸ್ಕೊಂಡಿರಪ್ಪ. ನಿನ್ನ ಸಾಮಾನು ಡಬ್ಬದಲ್ಲಿ ಕಟ್ಟಿಟ್ಟಿದೀವಿ," ಎಂದರು. ನಗುತ್ತಿದ್ದರು. ಮೇರಿಯನ್‌ಗೆ ಆಗ ಮೂರು ತಿಂಗಳು. ಹೋಟೆಲಿನ ಮಂಚದ ತುದಿಯಲ್ಲಿ ಕೂತು ಅವಳಿಗೆ ಹೇಳಿದೆ. ಅವಳು ಅಳಲಿಲ್ಲ, ಎದ್ದು ನನ್ನ ಅಂಗಿಗೆ ಇಸ್ತ್ರಿ ಹಾಕಿದಳು. ಮಂಗಳವಾರದ ಮತ ಒಂದು ಆ ಕಡೆ ಬಿದ್ದಿದ್ದರೆ ನಮಗೆ ಎರಡು ಊರೂ ಇರುತ್ತಿರಲಿಲ್ಲ.

ನಾನು ನಿಮ್ಮನ್ನು ಆರಿಸಿಕೊಂಡೆ ಎಂಬ ಕಥೆ ನಾನು ಹೇಳಿದ್ದಲ್ಲ, ನೀವು ಕಟ್ಟಿದ್ದು. ಅದನ್ನು ನೀವು ಎಷ್ಟು ಚೆನ್ನಾಗಿ ಹೇಳುತ್ತಿದ್ದಿರಿ ಎಂದರೆ ಮಕ್ಕಳ ಜೊತೆ ಕೂತು ನಾನೂ ಕೇಳುತ್ತಿದ್ದೆ. ತಿದ್ದಲು ಮನಸ್ಸೇ ಬರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಅದು ನಿಜವೂ ಆಗಿತ್ತು.

ಬಾಯ್ಡ್ ಫೋನ್ ಮಾಡಿದಾಗ ಒಳ್ಳೆಯ ಅಭ್ಯರ್ಥಿಯೊಬ್ಬರ ವಿಷಯ ಹೇಳಿದ. ಆಕೆ ಒಂಟಿ ತಾಯಿ, ಈಗಿರುವ ಊರಿನಲ್ಲಿ ಆಕೆಯನ್ನು ತೆಗೆಯಲು ನೆಪಕ್ಕಾಗಿ ಕಾಯುವವರಿದ್ದಾರೆ. ನನಗೆ ಆ ಹೋಟೆಲಿನ ಕೋಣೆ ನೆನಪಾಯಿತು. 'ಹೆಸರುಗಳನ್ನು ಮುಚ್ಚಿಡಿ' ಎಂದೆ. ಹೌದು, ಅಂದದ್ದು ನಾನೇ. ಫೋಟೋ ಕೇಳಿದ, ಕಳಿಸಿದೆ. ಆ ಚಿತ್ರ ಮೇರಿಯನ್‌ಗೆ ತುಂಬಾ ಇಷ್ಟ. ನನಗೆ ಅದನ್ನು ಕಂಡರೆ ಇಂದಿಗೂ ಆ ಫೋನ್ ಕರೆ ನೆನಪಾಗುತ್ತದೆ. ಎರಡೂ ನಿಜ.

ಸೆಪ್ಟೆಂಬರ್‌ನಲ್ಲೇ ನಿಮಗೆ ಹೇಳಬೇಕಿತ್ತು. ನಿಮ್ಮ ಕಥೆಯನ್ನು ಒಡೆಯುವ ಧೈರ್ಯ ನನಗಿರಲಿಲ್ಲ.

ಲೈಲ್

*

ಎಲ್ಡರ್ಟನ್
ಡಿಸೆಂಬರ್ 1, 2023

ಲೈಲ್,

ನಿನ್ನ ಪತ್ರ ಓದಿ ಎರಡು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ಮೂರನೆಯ ದಿನ ಗೋದಾಮಿನ ಕಡೆ ನಡೆದೆ. ಅರ್ಧ ಭಾಗ ಈಗ ಬಾಡಿಗೆ ಮನೆಗಳು. ಕಿಟಕಿಗಳಲ್ಲಿ ಹೂಕುಂಡಗಳಿವೆ. ಉಳಿದರ್ಧಕ್ಕೆ ಬೀಗ. ಬಾಗಿಲ ಸಂದಿಗೆ ಮೂಗಿಟ್ಟೆ. ಯಾರೋ ಹೆಂಗಸು ನಾಯಿ ಹಿಡಿದುಕೊಂಡು ಹೋಗುತ್ತಿದ್ದವಳು, "ಏನಾದ್ರೂ ಕಳ್ಕೊಂಡ್ರಾ ಅಜ್ಜಿ?" ಎಂದಳು. ಹೌದು ಎಂದರೆ ಹುಡುಕಲು ನಿಲ್ಲುತ್ತಾಳೆ ಎಂದು ಇಲ್ಲ ಎಂದೆ.

ಆ ಮಂಗಳವಾರ ನಿನ್ನನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ. ಎಷ್ಟು ಧೈರ್ಯ ಈ ಹುಡುಗನಿಗೆ ಎಂದುಕೊಂಡಿದ್ದೆ. ಅದು ಭಯವಾಗಿತ್ತು. ಇಷ್ಟು ಹತ್ತಿರ ನಿಂತು ನೋಡಿದರೂ ನನಗೆ ಗೊತ್ತಾಗಲಿಲ್ಲ. ಮೇರಿಯನ್ ಇಪ್ಪತ್ತೆಂಟು ವರ್ಷ ನನ್ನ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಳು, ಒಂದು ದಿನವೂ ಬಾಯಿ ಬಿಡಲಿಲ್ಲ. ಅವಳ ಮೇಲೂ ಸ್ವಲ್ಪ ಕೋಪ ಬಂದಿದೆ. ಸತ್ತವರ ಮೇಲೆ ಕೋಪ ಮಾಡಿಕೊಂಡರೆ ಕೇಳುವವರಿಲ್ಲ ಎಂಬುದೊಂದು ಅನುಕೂಲ.

ನಿನಗಾದದ್ದು ಅನ್ಯಾಯ. ಆದರೆ ಅದನ್ನು ಮಾಡಿದವರು ಓಹಾಯೋದವರು. ಶಿಕ್ಷೆ ಎಲ್ಡರ್ಟನ್‌ಗೆ ಏಕೆ? ನಾವು ನಿನ್ನನ್ನು ನೋಡಿದೆವು, ಕೇಳಿದೆವು. 'ನೀವು ಸಾಕು ಅನ್ನೋವರೆಗೂ' ಎಂದೆಯಲ್ಲ, ಆ ಮಾತು ಆರುನೂರು ಜನರ ಕಿವಿಗೆ ಬಿದ್ದಿತ್ತು. ತೊಂಬತ್ತೊಂಬತ್ತರ ಪ್ರವಾಹದಲ್ಲಿ ನದಿ ಮಿಲ್ ಬೀದಿಯನ್ನು ನುಂಗಿದಾಗ ಎರಡು ದೊಡ್ಡ ಊರುಗಳು ನಿನ್ನನ್ನು ಕರೆದವು, ನೀನು ಹೋಗಲಿಲ್ಲ. ಸೊಂಟದವರೆಗಿನ ಕೆಸರಿನಲ್ಲಿ ನಿಂತು ಥರ್ಮನ್ ಕೇಳಿದ್ದ, "ಇನ್ನೂ ಇದೀರಲ್ಲ ಸಾರ್, ಯಾಕೆ?" ನೀನು, "ಅವತ್ತು ಎಲ್ಲರ ಮುಂದೆ ಹೇಳ್ಬಿಟ್ಟಿದೀನಲ್ಲಪ್ಪ," ಎಂದಿದ್ದೆ. ನಿನ್ನನ್ನು ಹೆದರಿಸಿದ ಶನಿವಾರವೇ ನಿನ್ನನ್ನು ಇಲ್ಲಿ ಹಿಡಿದಿಟ್ಟದ್ದು. ಇದೂ ನಾನು ಕಟ್ಟಿದ ಕಥೆ ಎನ್ನಬೇಡ, ಥರ್ಮನ್ ಇನ್ನೂ ಬದುಕಿದ್ದಾನೆ.

ಆ ತಾಯಿಯ ಕೆಲಸ ಹೋಗುವುದು ನನಗೂ ಬೇಡ. ಅರ್ಜಿ ಹಾಕಿದವರ ಹೆಸರೆಲ್ಲ ಮುಚ್ಚಿಡಲಿ, ಒಪ್ಪುತ್ತೇನೆ. ಈ ಮಾತು ನನ್ನಿಂದ ಬಂದದ್ದಕ್ಕೆ ಥರ್ಮನ್ ಮೂರ್ಛೆ ಹೋಗುವುದೊಂದು ಬಾಕಿ. ಆದರೆ ಈಗ ಉಳಿದಿರುವುದು ಒಂದೇ ಹೆಸರು, ಆ ತಾಯಿಯದೇ. ನಿನ್ನೆ ಬಾಯ್ಡ್ ಅದನ್ನು ಒಪ್ಪಿಕೊಂಡ. ನಗರಸಭೆಯ ಏಳು ಜನರಲ್ಲಿ ಆರು ಮಂದಿ ಆ ಹೆಸರಿಗೆ ಮಾತು ಕೊಟ್ಟಾಗಿದೆಯಂತೆ. ಹಾಗಿದ್ದರೆ ಆಕೆ ಬಂದು ನಿಂತರೆ ಕಳೆದುಕೊಳ್ಳುವುದೇನು? ಮತ ಬೀಳುವ ಮುಂಚೆ ನಮ್ಮೆದುರು ಒಂದು ಗಂಟೆ ಸೌಟು ಹಿಡಿಯಲು ಬಿಡದವರು ಯಾರು? ಬಾಯ್ಡ್‌ನನ್ನು ಕೇಳಿದೆ. "ಲೈಲ್ ಹೇಳಿದ ಪ್ರಕಾರ ಮಾಡ್ತಿದೀವಿ," ಎಂದ. ನಿನ್ನ ಪತ್ರದಲ್ಲಿ ಹೆಸರು ಮುಚ್ಚಿಡಿ ಎಂದೆ ಅಂತ ಇದೆ. ಶನಿವಾರ ಬೇಡ ಎಂದೆ ಅಂತ ಎಲ್ಲೂ ಇಲ್ಲ. ಮೂರು ಸಲ ಓದಿದ್ದೇನೆ.

ಡಿಸೆಂಬರ್ ಒಂಬತ್ತು, ಶನಿವಾರ. ಗೋದಾಮಿನ ಬೀಗದ ಕೈ ಅವರು ಕೊಡುವುದಿಲ್ಲ. ನಗರಸಭೆಯ ಮೆಟ್ಟಿಲ ಮುಂದೆ, ಬೀದಿಯಲ್ಲೇ ಹಂಡೆ ಇಡುತ್ತೇವೆ. ಸೌದೆ ಬಂದಿದೆ. ಬೂದು ಬಾಗಿಲಿನ ಮನೆಗಳಿಂದ ಆ ಹುಡುಗ ಬಂದು, "ಅವರೆಕಾಳು ಸುಲಿಯೋಕೆ ಎಷ್ಟು ಜನ ಬೇಕು ಅಜ್ಜಿ?" ಎಂದು ಕೇಳಿಹೋಗಿದ್ದಾನೆ. ಬಾಯ್ಡ್‌ಗೂ ಹೇಳಿ ಕಳಿಸಿದ್ದೇನೆ. ಗ್ರೇಟಾಗೆ ಫೋನ್ ಮಾಡಿದ್ದೆ. "ಟಿಕೆಟ್ ತೆಗೀತೀನಿ ಆಂಟಿ, ಅಪ್ಪನ್ನ ವಿಮಾನ ಹತ್ತಿಸೋ ಜವಾಬ್ದಾರಿ ನಂದು," ಎಂದಳು.

ಹಂಡೆಯ ಹಿಂದೆ ನೀನು ಒಂದು ಬದಿಗೆ, ಬಾಯ್ಡ್ ಇನ್ನೊಂದು ಬದಿಗೆ. ನಾನು ತಟ್ಟೆ ಹಿಡಿದು ಸಾಲಿನ ಮೊದಲಲ್ಲಿರುತ್ತೇನೆ. ಇಬ್ಬರಿಗೂ ಒಂದೇ ಪ್ರಶ್ನೆ, ಈಗಲೇ ಬರೆದು ಕಳಿಸುತ್ತಿದ್ದೇನೆ, ಯೋಚಿಸಲು ಸಮಯ ಸಿಗಲಿಲ್ಲ ಎನ್ನಬೇಡಿ: ಈ ಊರನ್ನು ನಡೆಸುವವರ ಮುಖವನ್ನು ಈ ಊರಿನವರು ಮೊದಲು ನೋಡಬಾರದು ಎಂದು ತೀರ್ಮಾನಿಸಿದವರು ನಿಮ್ಮಲ್ಲಿ ಯಾರು? ಕಾಗದದಲ್ಲಿ ಬೇಡ, ಫೋನಿನಲ್ಲಿ ಬೇಡ. ಬಾ, ಎಲ್ಲರ ಮುಂದೆ ನಿಂತು, ಹಿಂದಿನವರಿಗೂ ಕೇಳುವ ಹಾಗೆ ಹೇಳು.

ವರ್ಲೀನ್